ದತ್ತು, ಪಾಲಕತ್ವ, ಫಾಸ್ಟರ್ ಕೇರ್: ಅಮೆರಿಕದಲ್ಲಿ ಸರ್ಕಾರದ ನೆರವಿರುವ ದಾರಿಗಳಲ್ಲಿ ಯಾವುದು ಯಾರಿಗೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ದಂಪತಿಗಳು ದತ್ತು ಸ್ವೀಕಾರದ ವಿಚಾರಕ್ಕೆ ಬಂದಾಗ ಸಾಮಾನ್ಯವಾಗಿ ಎರಡೇ ದಾರಿಗಳನ್ನು ತೂಗಿ ನೋಡುತ್ತಾರೆ. ಒಂದು, ಭಾರತದಿಂದ ಮಗುವನ್ನು ತರುವುದು. ಇನ್ನೊಂದು, ಖಾಸಗಿ ಸಂಸ್ಥೆಯಲ್ಲಿ ಹೆಸರು ಬರೆಸಿ ಹಸುಗೂಸಿಗಾಗಿ ಕಾಯುವುದು. ಹೆತ್ತವರ ನಿರ್ಲಕ್ಷ್ಯ, ಹಿಂಸೆ ಅಥವಾ ಮಾದಕವ್ಯಸನದ ಕಾರಣದಿಂದ ನ್ಯಾಯಾಲಯದ ಮೂಲಕ ರಾಜ್ಯದ ವಶಕ್ಕೆ ಬಂದು, ಫಾಸ್ಟರ್ ಕೇರ್ ವ್ಯವಸ್ಥೆಯಲ್ಲಿ, ಅಂದರೆ ತಾತ್ಕಾಲಿಕ ಸಾಕು ಕುಟುಂಬಗಳಲ್ಲಿ, ಬೆಳೆಯುತ್ತಿರುವ ಮಕ್ಕಳನ್ನು ಸ್ವೀಕರಿಸುವ ಮೂರನೆಯ ದಾರಿ ಅನೇಕರಿಗೆ ಹೊಳೆಯುವುದೇ ಇಲ್ಲ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 50,000 ಮಕ್ಕಳು ಈ ದಾರಿಯಲ್ಲಿ ದತ್ತು ಹೋಗುತ್ತಿದ್ದಾರೆ. ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ದತ್ತಿನ ನಂತರವೂ ಸರ್ಕಾರದ ಆರ್ಥಿಕ ನೆರವು ಮುಂದುವರಿಯುತ್ತದೆ. ಆ ನೆರವಿನ ಬಗೆಗಳನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ. ಮೊತ್ತದ ಪ್ರಶ್ನೆ ಎಲ್ಲರೂ ಮೊದಲು ಕೇಳುವ ಪ್ರಶ್ನೆಯಾದರೂ, ಮಗುವಿನೊಂದಿಗೆ ನೀವು ಯಾವ ಕಾನೂನು ಸಂಬಂಧವನ್ನು ಕಟ್ಟಿಕೊಳ್ಳುತ್ತೀರಿ ಮತ್ತು ಒಪ್ಪಂದಕ್ಕೆ ಯಾವ ದಿನ ಸಹಿ ಬೀಳುತ್ತದೆ ಎಂಬ ಎರಡು ಸಂಗತಿಗಳೇ ಕೊನೆಗೆ ಎಲ್ಲವನ್ನೂ ನಿರ್ಧರಿಸುತ್ತವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮನೆಯವರು, ಸರ್ಕಾರದ ನೆರವೆಂದರೆ ಬಡವರಿಗೆ ಮಾತ್ರ ಸಲ್ಲುವ ಸವಲತ್ತು ಎಂದು ಭಾವಿಸಿ ಅರ್ಜಿಯ ಗೋಜಿಗೇ ಹೋಗುವುದಿಲ್ಲ. ಆದರೆ ಒಕ್ಕೂಟ ಸರ್ಕಾರದ ದತ್ತು ನೆರವಿಗೆ ಅರ್ಹತೆ ಮಗುವಿನದೇ ಹೊರತು ತಂದೆತಾಯಿಯರದಲ್ಲ. ದತ್ತು ಪಡೆಯುವವರ ಆದಾಯವನ್ನು ನೋಡಿ ಮಗುವನ್ನು ಅನರ್ಹಗೊಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮಾಸಿಕ ಮೊತ್ತವನ್ನು ಮಾತುಕತೆಯಲ್ಲಿ ನಿಗದಿಪಡಿಸುವಾಗ ಮಾತ್ರ ಕುಟುಂಬದ ಸ್ಥಿತಿಗತಿಯನ್ನು ಗಮನಕ್ಕೆ ತೆಗೆದುಕೊಳ್ಳಬಹುದು, ಅದೂ ಮಗುವಿನ ಅಗತ್ಯಗಳ ಜೊತೆಯಲ್ಲಿಟ್ಟು ನೋಡುವಾಗ.

ಎರಡನೆಯ ತೊಡಕು 'ವಿಶೇಷ ಅಗತ್ಯವುಳ್ಳ ಮಗು' ಎಂಬ ವರ್ಗೀಕರಣದ್ದು. ನಮ್ಮ ಕಿವಿಗೆ ಇದು ಅಂಗವೈಕಲ್ಯವನ್ನಷ್ಟೇ ಸೂಚಿಸುವಂತೆ ಕೇಳಿಸುತ್ತದೆ. ಅಮೆರಿಕದ ಕಾನೂನಿನಲ್ಲಿ ಮೂರು ಸಂಗತಿಗಳು ಒಟ್ಟಿಗೆ ಇರಬೇಕು: ಮಗು ಹೆತ್ತವರ ಮನೆಗೆ ಮರಳಲಾಗದು ಅಥವಾ ಮರಳಬಾರದು, ಮಗುವಿನ ವಯಸ್ಸು, ಜನಾಂಗೀಯ ಹಿನ್ನೆಲೆ, ಒಡಹುಟ್ಟಿದವರೊಂದಿಗೆ ಒಟ್ಟಿಗೆ ಹೋಗಬೇಕಾದ ಅಗತ್ಯ, ದೈಹಿಕ ಅಥವಾ ಮಾನಸಿಕ ತೊಂದರೆ ಮೊದಲಾದ ಯಾವುದಾದರೊಂದು ಕಾರಣದಿಂದ ನೆರವಿಲ್ಲದೆ ಮನೆ ಸಿಗುವುದು ಕಷ್ಟವೆಂದು ರಾಜ್ಯ ತೀರ್ಮಾನಿಸಿರಬೇಕು, ಮತ್ತು ನೆರವಿಲ್ಲದೆಯೇ ಮನೆ ಹುಡುಕುವ ಪ್ರಯತ್ನ ನಡೆದು ವಿಫಲವಾಗಿರಬೇಕು. ಈಗಾಗಲೇ ಸಾಕುತ್ತಿರುವ ಕುಟುಂಬಕ್ಕೆ ಮಗು ಗಾಢವಾಗಿ ಹೊಂದಿಕೊಂಡಿದ್ದರೆ ಮೂರನೆಯ ಷರತ್ತಿನಿಂದ ವಿನಾಯಿತಿ ಇದೆ. ಹೀಗಾಗಿ ಆಟಪಾಠಗಳಲ್ಲಿ ಯಾವ ಕೊರತೆಯೂ ಇಲ್ಲದ ಏಳು ವರ್ಷದ ಆರೋಗ್ಯವಂತ ಬಾಲಕನೂ ಈ ವರ್ಗಕ್ಕೆ ಸೇರಬಹುದು. ಎರಡನೆಯ ಷರತ್ತಿನ ವಿವರಗಳನ್ನು ಪ್ರತಿ ರಾಜ್ಯ ತಾನೇ ನಿಗದಿಪಡಿಸಿಕೊಳ್ಳುತ್ತದೆ. ಉದಾಹರಣೆಗೆ, ಟೆಕ್ಸಾಸಿನಲ್ಲಿ ಆರು ವರ್ಷ ತುಂಬಿರುವುದೇ ಸಾಕಾಗುತ್ತದೆ. ಒಡಹುಟ್ಟಿದವರು ಒಟ್ಟಿಗೆ ದತ್ತು ಹೋಗುತ್ತಿದ್ದರೆ ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ.

ಈ ನೆರವು ಹುಟ್ಟಿದ್ದು ಯಾಕೆ

ಇತಿಹಾಸವನ್ನು ಚಿಕ್ಕದಾಗಿ ಹೇಳುವುದು ಹೋಲಿಕೆಗೆ ಅಗತ್ಯ. ಸಾಕು ಕುಟುಂಬಕ್ಕೆ ಮಗುವಿನ ಊಟ, ಬಟ್ಟೆ, ವಸತಿಗಾಗಿ ರಾಜ್ಯವು ಪ್ರತಿ ತಿಂಗಳು ಹಣ ಕೊಡುತ್ತಿತ್ತು. ಅದೇ ಕುಟುಂಬ ಅದೇ ಮಗುವನ್ನು ದತ್ತು ತೆಗೆದುಕೊಂಡ ಕೂಡಲೇ ಹಣವೂ ನಿಲ್ಲುತ್ತಿತ್ತು, ವೈದ್ಯಕೀಯ ಸೌಲಭ್ಯವೂ ನಿಲ್ಲುತ್ತಿತ್ತು. ಪ್ರೀತಿಯಿಂದ ಸಾಕಿದವರೇ ದತ್ತಿಗೆ ಹಿಂಜರಿಯುವಂತೆ ಮಾಡಿದ್ದು ಈ ವ್ಯವಸ್ಥೆಯೇ. 1968ರಲ್ಲಿ ನ್ಯೂಯಾರ್ಕ್ ರಾಜ್ಯ ಮೊದಲ ಬಾರಿಗೆ ದತ್ತು ಸಹಾಯಧನದ ಕಾನೂನು ತಂದಿತು. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯು ಸಾಮಾಜಿಕ ಭದ್ರತಾ ಕಾಯಿದೆಗೆ ಟೈಟಲ್ ಫೋರ್-ಇ ಎಂಬ ಭಾಗವನ್ನು ಸೇರಿಸಿ, ಒಕ್ಕೂಟ ಸರ್ಕಾರವೂ ಈ ವೆಚ್ಚದಲ್ಲಿ ಪಾಲು ಹೊರುವಂತೆ ಮಾಡಿತು. ಮುಂದೆ ಬರುವ ಆಯ್ಕೆಗಳಲ್ಲಿ 'ಒಕ್ಕೂಟದ ನೆರವು' ಎಂದಾಗ ಈ ಟೈಟಲ್ ಫೋರ್-ಇ ಎಂದೇ ತಿಳಿಯಬೇಕು. ಅದರ ವ್ಯಾಪ್ತಿಗೆ ಬರದ ಮಕ್ಕಳಿಗೆ ರಾಜ್ಯಗಳು ತಮ್ಮದೇ ಹಣದಿಂದ ನಡೆಸುವ ಯೋಜನೆಗಳು ಬೇರೆ ಇವೆ. ಹಿಂದೆ ಹೆತ್ತವರ ಮನೆಯ ಬಡತನವನ್ನು ಹಳೆಯ ಮಾನದಂಡವೊಂದರಿಂದ ಅಳೆದು ಮಗುವಿನ ಅರ್ಹತೆಯನ್ನು ನಿರ್ಧರಿಸುವ ವಿಚಿತ್ರ ಪದ್ಧತಿಯಿತ್ತು. 2008ರ ಕಾಯಿದೆಯೊಂದು ಅದನ್ನು ವಯಸ್ಸಿನ ಮೆಟ್ಟಿಲುಗಳಲ್ಲಿ ಕಳಚುತ್ತ ಬಂದು, ತೀರ ಚಿಕ್ಕ ಮಕ್ಕಳ ಮಟ್ಟಿಗೆ 2024ರ ಮಧ್ಯದಲ್ಲಿ ಅದು ಪೂರ್ತಿಯಾಗಿ ಹೋಯಿತು.

ಫಾಸ್ಟರ್ ಕುಟುಂಬವಾಗಿಯೇ ಉಳಿಯುವುದು

ಹಣದ ದೃಷ್ಟಿಯಿಂದ ಮಾತ್ರ ನೋಡಿದರೆ ಫಾಸ್ಟರ್ ಕುಟುಂಬವಾಗಿ ಮುಂದುವರಿಯುವುದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ. ಮಾಸಿಕ ನಿರ್ವಹಣಾ ವೆಚ್ಚ ಬರುತ್ತದೆ, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇರುತ್ತದೆ, ಸಮಾಜ ಕಾರ್ಯಕರ್ತರು ತಿಂಗಳಿಗೊಮ್ಮೆ ಬಂದು ನೋಡಿಹೋಗುತ್ತಾರೆ, ಕಷ್ಟವಾದರೆ ಕೈ ಹಿಡಿಯಲು ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆ ಇರುತ್ತದೆ. ಆದರೆ ಮಗುವಿನ ಬಗ್ಗೆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ನಿಮ್ಮದಲ್ಲ. ಬೇಸಿಗೆ ರಜೆಯಲ್ಲಿ ಮಗುವನ್ನು ಬೆಂಗಳೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗಲು ಇಲಾಖೆಯ, ಬಹುಪಾಲು ಸಂದರ್ಭಗಳಲ್ಲಿ ನ್ಯಾಯಾಲಯದ, ಅನುಮತಿ ಬೇಕು. ಅದಕ್ಕಿಂತ ಮುಖ್ಯವಾಗಿ, ಈ ಸ್ಥಿತಿ ಶಾಶ್ವತವಾಗಿರಲೆಂದು ಕಾನೂನು ಬಯಸುವುದಿಲ್ಲ. 1997ರ ಕಾಯಿದೆಯ ಪ್ರಕಾರ ಮಗು ಕಳೆದ 22 ತಿಂಗಳಲ್ಲಿ 15 ತಿಂಗಳನ್ನು ಫಾಸ್ಟರ್ ಕೇರಿನಲ್ಲಿ ಕಳೆದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ರದ್ದುಪಡಿಸುವಂತೆ ರಾಜ್ಯವು ಅರ್ಜಿ ಹಾಕಬೇಕಾಗುತ್ತದೆ. ಆ ಹಂತದಲ್ಲಿ ನೀವು ದತ್ತಿಗೆ ಸಿದ್ಧರಿಲ್ಲದಿದ್ದರೆ ಮಗುವನ್ನು ಬೇರೆ ಮನೆಗೆ ಕಳುಹಿಸಲೂಬಹುದು. ಹೆತ್ತವರ ಬಳಿಗೆ ಮರಳುವ ಸಾಧ್ಯತೆ ಇನ್ನೂ ಇರುವ ಮಗುವನ್ನು ಆ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಾಕಬಲ್ಲವರಿಗೆ ಇದು ಸರಿಯಾದ ದಾರಿ. ಅಂಥವರ ಅಗತ್ಯ ದತ್ತು ಪಡೆಯುವವರ ಅಗತ್ಯಕ್ಕಿಂತ ಕಡಿಮೆಯದಲ್ಲ. ದತ್ತಿನ ಜವಾಬ್ದಾರಿಯಿಂದ ತಪ್ಪಿಸಿಕೊಂಡು ಹಣ ಮಾತ್ರ ಮುಂದುವರಿಯಲಿ ಎನ್ನುವವರಿಗೆ ಖಂಡಿತ ಅಲ್ಲ.

ಪಾಲಕತ್ವದ ನೆರವು

2008ರ ಕಾಯಿದೆ ತೆರೆದ ಇನ್ನೊಂದು ಬಾಗಿಲು ಬಂಧುಗಳ ಪಾಲಕತ್ವಕ್ಕೆ ನೀಡುವ ನೆರವು. ಇದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದಾದರೂ ಬಹುಪಾಲು ರಾಜ್ಯಗಳು ಅಳವಡಿಸಿಕೊಂಡಿವೆ; ಕ್ಯಾಲಿಫೋರ್ನಿಯಾದಲ್ಲಿ ಕಿನ್-ಗ್ಯಾಪ್ ಎಂದೂ ನ್ಯೂಜೆರ್ಸಿಯಲ್ಲಿ ಕಿನ್‌ಶಿಪ್ ಲೀಗಲ್ ಗಾರ್ಡಿಯನ್‌ಶಿಪ್ ಎಂದೂ ಕರೆಯುತ್ತಾರೆ. ಇಲ್ಲಿ ಹೆತ್ತವರ ಕಾನೂನುಬದ್ಧ ಸಂಬಂಧ ಕಡಿಯಬೇಕಾಗಿಲ್ಲ. ಮಾಸಿಕ ಮೊತ್ತ ಫಾಸ್ಟರ್ ಕೇರಿನ ದರವನ್ನು ಮೀರುವಂತಿಲ್ಲ, ಮೆಡಿಕೇಡ್ ಸಿಗುತ್ತದೆ, ಕೋರ್ಟು ವಕೀಲರ ಒಮ್ಮೆಯ ಖರ್ಚಿಗೆ ಮಗುವೊಂದಕ್ಕೆ 2,000 ಡಾಲರ್‌ವರೆಗೆ ಮರುಪಾವತಿಯಿದೆ. ಇಷ್ಟರ ಮಟ್ಟಿಗೆ ದತ್ತು ನೆರವಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ವ್ಯತ್ಯಾಸಗಳು ಷರತ್ತುಗಳಲ್ಲಿವೆ. ಮನೆಗೆ ಮರಳುವುದೂ ದತ್ತೂ ಎರಡೂ ಈ ಮಗುವಿಗೆ ಸೂಕ್ತವಲ್ಲವೆಂದು ಇಲಾಖೆ ತೀರ್ಮಾನಿಸಿರಬೇಕು. ಮಗು ಬಂಧುವಿನ ಮನೆಯಲ್ಲಿ, ಆ ಮನೆಗೆ ಫಾಸ್ಟರ್ ಪರವಾನಗಿ ಸಿಕ್ಕ ಮೇಲೆ, ಸತತ ಆರು ತಿಂಗಳು ಇದ್ದಿರಬೇಕು. 14 ವರ್ಷ ತುಂಬಿದ ಮಗುವಿನ ಅಭಿಪ್ರಾಯ ಕೇಳಿರಬೇಕು. ಇಲ್ಲಿಯೇ ನಮ್ಮ ಕುಟುಂಬಗಳು ಎಡವುವ ಜಾಗವಿದೆ. ಅಲ್ಲಿಯೇ ನೆಲೆಸಿರುವ ಅಣ್ಣನ ಮನೆಯಲ್ಲಿ ಅನಾಹುತವಾಗಿ ಇಲಾಖೆಯವರು ಮಕ್ಕಳನ್ನು ಕರೆದೊಯ್ಯುವ ಸ್ಥಿತಿ ಬಂದಾಗ, ಮನೆತನದ ಮಾನ ಕಾಯುವ ಆತುರದಲ್ಲಿ ತಮ್ಮನೋ ತಂಗಿಯೋ ಸದ್ದಿಲ್ಲದೆ ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಳ್ಳುತ್ತಾರೆ. ಮಕ್ಕಳು ರಾಜ್ಯದ ವಶಕ್ಕೆ ಬಾರದೆ, ಮನೆಗೆ ಫಾಸ್ಟರ್ ಪರವಾನಗಿಯಿಲ್ಲದೆ ಹೀಗೆ ಸಾಕಿದವರಿಗೆ ಪಾಲಕತ್ವದ ಒಕ್ಕೂಟ ನೆರವು ಸಿಗುವುದಿಲ್ಲ. ಬಡ ಕುಟುಂಬಗಳಿಗೆಂದು ಇರುವ ನಗದು ಸಹಾಯ ಯೋಜನೆಯಲ್ಲಿ ಮಗುವಿಗಷ್ಟೇ ಸಲ್ಲುವ ಅಲ್ಪ ಮೊತ್ತ ಸಿಕ್ಕರೆ ಅದೇ ಹೆಚ್ಚು. ತುರ್ತಿನ ಹೊತ್ತಿನಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು ಸರಿಯೇ. ಆದರೆ ಮರುದಿನವೇ ಇಲಾಖೆಯೊಂದಿಗೆ ಮಾತನಾಡಿ, ಬಂಧುವಾಗಿ ಫಾಸ್ಟರ್ ಪರವಾನಗಿ ಪಡೆಯುವ ಬಗೆ ಕೇಳುವುದು ಮಕ್ಕಳಿಗೆ ಮಾಡುವ ಉಪಕಾರ.

ಪಾಲಕತ್ವ ಯಾವಾಗ ದತ್ತಿಗಿಂತ ಮೇಲು? ಹೆತ್ತವರು ಬದುಕಿದ್ದು, ಸಾಕಲು ಅಶಕ್ತರಾದರೂ ಮಗುವಿಗೆ ಬೇಕಾದವರಾಗಿದ್ದಾಗ. ದೊಡ್ಡ ಮಗು ತನ್ನ ಹೆಸರು, ಹೆತ್ತವರ ಸಂಬಂಧವನ್ನು ಬಿಡಲು ಒಪ್ಪದಿದ್ದಾಗ. ಅಜ್ಜಿಯೋ ಚಿಕ್ಕಪ್ಪನೋ ಕಾಗದದ ಮೇಲೆ ಅಪ್ಪ ಅಮ್ಮನಾಗಲು ಹಿಂಜರಿಯುವಾಗ. ಆದರೆ ಪಾಲಕತ್ವವನ್ನು ನ್ಯಾಯಾಲಯ ರದ್ದುಪಡಿಸಬಹುದು, ಸಾಮಾನ್ಯವಾಗಿ ಅದು 18 ವರ್ಷಕ್ಕೆ ಮುಗಿದುಹೋಗುತ್ತದೆ, ಮಗುವಿಗೆ ನಿಮ್ಮ ಆಸ್ತಿಯಲ್ಲಿ ತಾನೇ ತಾನಾಗಿ ಹಕ್ಕು ಹುಟ್ಟುವುದಿಲ್ಲ, ಮತ್ತು ಮುಂದೆ ಹೇಳಲಿರುವ ದತ್ತು ತೆರಿಗೆ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. ಪಾಲಕರು ತೀರಿಹೋದರೆ ನೆರವು ಯಾರ ಕೈಗೆ ಹೋಗಬೇಕೆಂಬುದಕ್ಕೆ ಉತ್ತರಾಧಿಕಾರಿ ಪಾಲಕರ ಹೆಸರನ್ನು ಒಪ್ಪಂದದಲ್ಲೇ ಬರೆಸಲು 2014ರಿಂದ ಅವಕಾಶವಿದೆ. ಬರೆಸದೆ ಬಿಡುವುದು ಅವಿವೇಕ. ಪಾಲಕತ್ವದಲ್ಲಿರುವ ಮಗುವನ್ನು ಮುಂದೊಂದು ದಿನ ಅದೇ ಪಾಲಕರು ದತ್ತು ತೆಗೆದುಕೊಂಡರೆ ದತ್ತು ನೆರವಿನ ಅರ್ಹತೆ ಕಳೆದುಹೋಗುವುದಿಲ್ಲ ಎಂಬುದು ಇಲ್ಲಿರುವ ಸಮಾಧಾನ.

ದತ್ತು ನೆರವು: ಮಾತುಕತೆ ಮತ್ತು ಸಹಿ

ದತ್ತು ನೆರವಿನ ಒಪ್ಪಂದಕ್ಕೆ ನ್ಯಾಯಾಲಯದ ಅಂತಿಮ ಆದೇಶಕ್ಕಿಂತ ಮೊದಲೇ ಎರಡೂ ಕಡೆಯವರ ಸಹಿ ಬೀಳಬೇಕು. ಇದೊಂದು ಮಾತನ್ನು ಈ ಬರಹದ ಉಳಿದೆಲ್ಲ ಮಾತುಗಳಿಗಿಂತ ಮುಖ್ಯವೆಂದು ನಾನು ಪರಿಗಣಿಸುತ್ತೇನೆ. ಆದೇಶ ಕೈಗೆ ಬಂದ ಮೇಲೆ, 'ಈಗ ಮಗುವಿಗೆ ಚಿಕಿತ್ಸೆ ಬೇಕಾಗಿದೆ, ನೆರವು ಕೊಡಿ' ಎಂದು ಕೇಳುವವರಿಗೆ ಉಳಿಯುವುದು ಆಡಳಿತಾತ್ಮಕ ವಿಚಾರಣೆಯ ಬಾಗಿಲೊಂದೇ. ಮಗುವಿನ ಬಗ್ಗೆ ಇಲಾಖೆಗೆ ಗೊತ್ತಿದ್ದ ಮುಖ್ಯ ಸಂಗತಿಗಳನ್ನು ದತ್ತಿಗೆ ಮೊದಲು ತಮಗೆ ತಿಳಿಸಿರಲಿಲ್ಲ ಎಂಬಂಥ ಕಾರಣಗಳನ್ನು ಅಲ್ಲಿ ಅವರೇ ಸಾಬೀತುಪಡಿಸಬೇಕಾಗುತ್ತದೆ. ಅಂತಿಮ ವಿಚಾರಣೆಯ ದಿನಾಂಕ ಹತ್ತಿರ ಬಂದಾಗ ಎಲ್ಲರಿಗೂ ಸಂಭ್ರಮ. ಬಲೂನು ಕಟ್ಟಿಕೊಂಡು ಕೋರ್ಟಿಗೆ ಹೋಗುವ ಆ ಸಡಗರದಲ್ಲಿ ಒಪ್ಪಂದದ ಪುಟಗಳನ್ನು ಓದದೆ ಸಹಿ ಮಾಡುವುದು ಸುಲಭ. ದಿನಾಂಕ ಮುಂದೆ ಹೋದರೂ ಪರವಾಗಿಲ್ಲ, ಓದಿಯೇ ಸಹಿ ಮಾಡಬೇಕು.

ಮೊತ್ತಕ್ಕೆ ಮೇಲ್ಮಿತಿ ಒಂದೇ: ಅದೇ ಮಗು ಫಾಸ್ಟರ್ ಕುಟುಂಬದಲ್ಲಿ ಇದ್ದಿದ್ದರೆ ಸಿಗುತ್ತಿದ್ದ ದರ. ಆದ್ದರಿಂದ ಮಾತುಕತೆಗೆ ಕುಳಿತುಕೊಳ್ಳುವ ಮುನ್ನ ನಿಮ್ಮ ಮಗುವಿಗೆ ಈಗ ಯಾವ ಮಟ್ಟದ ಫಾಸ್ಟರ್ ದರ ನಿಗದಿಯಾಗಿದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ರಾಜ್ಯರಾಜ್ಯಗಳ ನಡುವಿನ ಅಂತರ ದೊಡ್ಡದು. ಕ್ಯಾಲಿಫೋರ್ನಿಯಾದಲ್ಲಿ ಮೂಲ ದರವೇ ಈಚೆಗೆ ತಿಂಗಳಿಗೆ 1,200 ಡಾಲರ್ ದಾಟಿದೆ. ಟೆಕ್ಸಾಸಿನಲ್ಲಿ ಬಹುಕಾಲದಿಂದ ಸಾಮಾನ್ಯ ಅಗತ್ಯದ ಮಗುವಿಗೆ 400 ಡಾಲರ್, ಹೆಚ್ಚಿನ ಅಗತ್ಯದ ಮಗುವಿಗೆ 545 ಡಾಲರ್ ಮಿತಿ ನಡೆದುಕೊಂಡು ಬಂದಿದೆ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದು ಟೆಕ್ಸಾಸಿನ ವಶದಲ್ಲಿರುವ ಮಗುವನ್ನು ಸ್ವೀಕರಿಸಿದರೆ ನೆರವಿನ ಒಪ್ಪಂದ ಮಾಡಿಕೊಳ್ಳುವುದು ಟೆಕ್ಸಾಸ್ ಎಂಬುದನ್ನು ಮರೆಯಬಾರದು.

ಮೊತ್ತ ಸ್ಥಿರವಲ್ಲ. ಮಗುವಿನ ಅಗತ್ಯ ಹೆಚ್ಚಿದಾಗ ಹೊಸ ಮಾತುಕತೆಗೆ ಕೋರಬಹುದು. ಫಾಸ್ಟರ್ ದರವನ್ನೇ ಎಲ್ಲರಿಗೂ ಇಳಿಸಿದ ಸಂದರ್ಭವನ್ನು ಬಿಟ್ಟರೆ ಒಕ್ಕೂಟ ನೆರವಿನ ಮೊತ್ತವನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ತಗ್ಗಿಸುವಂತಿಲ್ಲ. ಮಗುವಿನ ಕಾನೂನು ಜವಾಬ್ದಾರಿ ನಿಮ್ಮದಾಗಿ ಉಳಿಯದಿದ್ದರೆ ಅಥವಾ ನೀವು ಮಗುವನ್ನು ಸಾಕುತ್ತಿಲ್ಲವಾದರೆ ನೆರವು ನಿಲ್ಲುತ್ತದೆ.

ಹಣ ಬೇಡವೆನ್ನುವವರಿಗೂ ಒಂದು ಆಯ್ಕೆಯಿದೆ. 'ನಮಗೆ ದೇವರು ಕೊಟ್ಟಿದ್ದಾನೆ, ಮಗುವಿನ ಹೆಸರಿನಲ್ಲಿ ಸರ್ಕಾರದ ದುಡ್ಡು ಯಾಕೆ?' ಎಂಬ ಮಾತನ್ನು ನಮ್ಮವರ ಬಾಯಲ್ಲಿ ಕೇಳುವುದು ಅಪರೂಪವಲ್ಲ. ಆ ಸಂಕೋಚ ಗೌರವಾರ್ಹವೇ. ಆದರೆ ಒಪ್ಪಂದವನ್ನೇ ನಿರಾಕರಿಸುವುದು ಬೇರೆ, ಮೊತ್ತವನ್ನು ಶೂನ್ಯವೆಂದು ಬರೆಸಿ ಒಪ್ಪಂದ ಮಾಡಿಕೊಳ್ಳುವುದು ಬೇರೆ. ಒಕ್ಕೂಟ ನೆರವಿನ ಒಪ್ಪಂದ ಜಾರಿಯಲ್ಲಿದ್ದರೆ ಹಣ ಬರದಿದ್ದರೂ ಮಗುವಿಗೆ ಮೆಡಿಕೇಡ್ ಅರ್ಹತೆ ಇರುತ್ತದೆ, ಮತ್ತು ಮುಂದೆ ಅಗತ್ಯ ಬಿದ್ದಾಗ ಮಾಸಿಕ ಮೊತ್ತಕ್ಕೆ ಕೇಳುವ ದಾರಿ ತೆರೆದಿರುತ್ತದೆ. ಹಸುಗೂಸಾಗಿದ್ದಾಗ ಚೆನ್ನಾಗಿಯೇ ಇದ್ದ ಮಗುವಿಗೆ, ಗರ್ಭದಲ್ಲಿದ್ದಾಗ ತಾಯಿ ಕುಡಿದ ಮದ್ಯದ ಪರಿಣಾಮ ಶಾಲೆಗೆ ಸೇರಿದ ಮೇಲೆ ಗೋಚರಿಸುವುದುಂಟು. ಆಗ ಈ ಕಾಗದ ಕೈಯಲ್ಲಿರಬೇಕು. ಆದಾಯ ಎಷ್ಟೇ ಇರಲಿ, ಒಪ್ಪಂದ ಬೇಡವೆನ್ನುವ ಕುಟುಂಬಕ್ಕೆ ಬೆಂಬಲ ಸೂಚಿಸಲು ನನ್ನಿಂದಾಗದು.

ಮೆಡಿಕೇಡ್ ವಿಷಯದಲ್ಲಿ ಒಕ್ಕೂಟದ ನೆರವಿಗೂ ರಾಜ್ಯದ್ದೇ ನೆರವಿಗೂ ಇರುವ ವ್ಯತ್ಯಾಸ ಕೆಲಸದ ಬೆನ್ನು ಹತ್ತಿ ಊರೂರು ಬದಲಿಸುವ ಐಟಿ ಕುಟುಂಬಗಳಿಗೆ ಬಹಳ ಮುಖ್ಯ. ಒಕ್ಕೂಟದ ಒಪ್ಪಂದವಿರುವ ಮಗು ಯಾವ ರಾಜ್ಯಕ್ಕೆ ಹೋದರೂ ಅಲ್ಲಿಯ ಮೆಡಿಕೇಡಿಗೆ ಅರ್ಹ, ಒಪ್ಪಂದವೂ ಜಾರಿಯಲ್ಲೇ ಇರುತ್ತದೆ. ರಾಜ್ಯ ಹಣದ ಒಪ್ಪಂದವಿರುವ ಮಗುವಿಗೆ ಹೊಸ ರಾಜ್ಯ ಮೆಡಿಕೇಡ್ ಕೊಡುವುದು ರಾಜ್ಯಗಳ ನಡುವಿನ ಪರಸ್ಪರ ಒಪ್ಪಿಗೆಯನ್ನು ಅವಲಂಬಿಸುತ್ತದೆ. ನಿಮ್ಮ ಒಪ್ಪಂದ ಯಾವ ಬಗೆಯದು ಎಂದು ಕಾಗದದಲ್ಲೇ ನಮೂದಾಗಿರುತ್ತದೆ, ನೋಡಿಕೊಳ್ಳಿ. ಕಾಯಂ ಆಗಿ ಭಾರತಕ್ಕೆ ಮರಳುವ ಯೋಚನೆಯಿದ್ದರೆ ಮೆಡಿಕೇಡನ್ನು ಲೆಕ್ಕದಿಂದ ತೆಗೆದುಬಿಡಬೇಕು. ಭಾರತದ ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ.

ತೆರಿಗೆ ವಿನಾಯಿತಿ

ಮಾಸಿಕ ನೆರವು ಮತ್ತು ದತ್ತು ತೆರಿಗೆ ವಿನಾಯಿತಿ (ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ) ಒಂದಕ್ಕೊಂದು ಬದಲಿಯಲ್ಲ, ಎರಡನ್ನೂ ಪಡೆಯಬಹುದು. 2025ರ ತೆರಿಗೆ ವರ್ಷಕ್ಕೆ ಗರಿಷ್ಠ ಮೊತ್ತ ಮಗುವೊಂದಕ್ಕೆ 17,280 ಡಾಲರ್. ಅದರಲ್ಲಿ 5,000 ಡಾಲರ್‌ವರೆಗಿನ ಭಾಗವನ್ನು ತೆರಿಗೆ ಬಾಕಿ ಇಲ್ಲದಿದ್ದರೂ ನಗದಾಗಿ ಮರಳಿಸುವ ಹೊಸ ಅನುಕೂಲ ಆ ವರ್ಷದಿಂದ ಬಂದಿದೆ, ಉಳಿದದ್ದನ್ನು ಮುಂದಿನ ಐದು ವರ್ಷಗಳಿಗೆ ಹೊತ್ತುಕೊಂಡು ಹೋಗಬಹುದು. ಸಾಮಾನ್ಯ ದತ್ತಿನಲ್ಲಿ ಖರ್ಚು ಮಾಡಿದಷ್ಟಕ್ಕೆ ಮಾತ್ರ ವಿನಾಯಿತಿ. ರಾಜ್ಯವು ವಿಶೇಷ ಅಗತ್ಯವುಳ್ಳದ್ದೆಂದು ಲಿಖಿತವಾಗಿ ತೀರ್ಮಾನಿಸಿದ ಮಗುವಿನ ದತ್ತಿನಲ್ಲಿ, ನೀವು ಒಂದು ಡಾಲರ್ ಕೂಡ ಖರ್ಚು ಮಾಡದಿದ್ದರೂ ಪೂರ್ತಿ ಮೊತ್ತಕ್ಕೆ ಹಕ್ಕುಂಟು. ಆ ತೀರ್ಮಾನದ ಪ್ರತಿಯನ್ನು ಜೋಪಾನ ಮಾಡಬೇಕು. ಆದಾಯ ಲೆಕ್ಕಕ್ಕೆ ಬರುವುದು ಇಲ್ಲಿ: 2025ರಲ್ಲಿ ಹೊಂದಾಣಿಕೆ ಮಾಡಿದ ಆದಾಯ 2,59,190 ಡಾಲರ್ ದಾಟಿದ ಮೇಲೆ ವಿನಾಯಿತಿ ಕರಗುತ್ತ ಹೋಗಿ 2,99,190 ಡಾಲರಿಗೆ ಪೂರ್ತಿ ಇಲ್ಲವಾಗುತ್ತದೆ. ಎರಡು ಸಂಬಳದ ಮನೆಯವರು, ಸಾಧ್ಯವಿದ್ದರೆ, ದತ್ತು ಅಂತಿಮವಾಗುವ ವರ್ಷದ ಆದಾಯದ ಬಗ್ಗೆ ಲೆಕ್ಕಿಗರ ಜೊತೆ ಮೊದಲೇ ಕುಳಿತು ಮಾತನಾಡುವುದು ಲೇಸು.

ಭಾರತದಿಂದ ಮಗುವನ್ನು ತರುವುದಾದರೆ

ಭಾರತದ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಮೂಲಕ ವಿಶೇಷ ಅಗತ್ಯವುಳ್ಳ ಮಗುವನ್ನು ತರಲು ಮುಂದಾಗುವ ಅನಿವಾಸಿ ಕುಟುಂಬಗಳಿವೆ. ಭಾಷೆ, ಬಣ್ಣ, ಊರಿನ ನಂಟು ಇವೆಲ್ಲ ಆ ಆಯ್ಕೆಯ ಹಿಂದಿನ ಸಹಜ ಕಾರಣಗಳು, ಅವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಹಣಕಾಸಿನ ಚಿತ್ರ ಪೂರ್ತಿ ಬೇರೆ. ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದ, ದತ್ತಿಗಾಗಿ ಹೊರದೇಶದಿಂದ ತಂದ ಮಗುವಿಗೆ ಟೈಟಲ್ ಫೋರ್-ಇ ನೆರವು ಸಲ್ಲುವುದಿಲ್ಲ. ತೆರಿಗೆ ಕಾನೂನೂ ಅಂಥ ಮಗುವನ್ನು ವಿಶೇಷ ಅಗತ್ಯದ ವರ್ಗಕ್ಕೆ ಸೇರಿಸದ ಕಾರಣ, ನಿಜವಾಗಿ ಆದ ಖರ್ಚಿಗೆ ಮಾತ್ರ ವಿನಾಯಿತಿ ಸಿಗುತ್ತದೆ, ಅದೂ ದತ್ತು ಅಂತಿಮವಾದ ಮೇಲೆ. ದೇಶದೇಶಗಳ ನಡುವಿನ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದಕ್ಕೆ ಎರಡೂ ದೇಶಗಳು ಸೇರಿರುವುದರಿಂದ, ಆ ವಿಧಾನದಲ್ಲಿ ಅರ್ಜಿ ಹಾಕುವ ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಬಂದ ಮೇಲೆ ಮಗುವಿಗೆ ಸರ್ಕಾರಿ ಶಾಲೆಯ ವಿಶೇಷ ಶಿಕ್ಷಣ ಉಚಿತವಾಗಿಯೇ ಸಿಗುತ್ತದೆ, ಅದಕ್ಕೂ ದತ್ತಿಗೂ ಸಂಬಂಧವಿಲ್ಲ. ಆದರೆ ಶಸ್ತ್ರಚಿಕಿತ್ಸೆ, ಥೆರಪಿಗಳ ಭಾರವೆಲ್ಲ ನಿಮ್ಮ ಉದ್ಯೋಗದ ಆರೋಗ್ಯ ವಿಮೆಯ ಮೇಲೆಯೇ ಬೀಳುತ್ತದೆಂದು ತಿಳಿದು ಲೆಕ್ಕ ಹಾಕಬೇಕು.

'ಅಮೆರಿಕದ ಮಗುವನ್ನು ಭಾರತೀಯರಾದ ನಮಗೆ ಕೊಡುತ್ತಾರೆಯೇ?' ಎಂಬ ಅನುಮಾನದಿಂದಲೂ ಹಲವರು ಊರಿನ ಕಡೆ ತಿರುಗುತ್ತಾರೆ. ಒಕ್ಕೂಟದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲ ದೇಶದ ಆಧಾರದಲ್ಲಿ ದತ್ತನ್ನು ನಿರಾಕರಿಸುವಂತಿಲ್ಲ, ತಡಮಾಡುವಂತಿಲ್ಲ ಎಂದು 1994 ಮತ್ತು 1996ರ ಕಾನೂನುಗಳು ಹೇಳುತ್ತವೆ. ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ ಮಾತ್ರ 1978ರ ಪ್ರತ್ಯೇಕ ಕಾನೂನಿದೆ. ಎಚ್-1ಬಿ ವೀಸಾದಲ್ಲಿರುವವರು ಫಾಸ್ಟರ್ ಪರವಾನಗಿಯ ಬಗ್ಗೆ ತಮ್ಮ ರಾಜ್ಯದ ನಿಯಮವನ್ನು ಮೊದಲ ಸಭೆಯಲ್ಲೇ ಕೇಳಿಕೊಳ್ಳಬೇಕು, ತಿಂಗಳುಗಟ್ಟಲೆ ತರಬೇತಿ ಮುಗಿಸಿದ ಮೇಲಲ್ಲ.

ಕರ್ನಾಟಕದಲ್ಲೇ ಇದ್ದು ಓದುತ್ತಿರುವವರಿಗೆ ಇಲ್ಲಿಯ ವ್ಯವಸ್ಥೆಯೊಂದಿಗೆ ಹೋಲಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಫಾಸ್ಟರ್ ಕೇರಿನಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. 2024ರ ಮಾದರಿ ಮಾರ್ಗಸೂಚಿಗಳು 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಫಾಸ್ಟರ್ ಪೋಷಕರಾಗಲು ಅವಕಾಶ ಕೊಟ್ಟು, ಸಾಕಿದ ಮಗುವನ್ನು ದತ್ತು ಪಡೆಯಲು ಮೊದಲಿದ್ದ ಐದು ವರ್ಷದ ಕಾಯುವಿಕೆಯನ್ನು ಎರಡು ವರ್ಷಕ್ಕೆ ಇಳಿಸಿವೆ. ಆದರೆ ದತ್ತು ಆದ ಮೇಲೆ ಮುಂದುವರಿಯುವ ಮಾಸಿಕ ನೆರವು ನಮ್ಮಲ್ಲಿಲ್ಲ. 1980ಕ್ಕೆ ಮೊದಲು ಅಮೆರಿಕ ಕಂಡುಕೊಂಡ ಅದೇ ಅಡ್ಡಿ ಇದು. ಅಂಗವೈಕಲ್ಯವಿರುವ ಮಗುವಾದರೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 75,000 ರೂಪಾಯಿ, ತೀವ್ರ ಸ್ವರೂಪದ್ದಾದರೆ 1,25,000 ರೂಪಾಯಿ ಕಡಿತ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದ ಸ್ಥಿತಿಗಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇವೆ; ಇವು ಹೆತ್ತ ಮಗುವಿಗೂ ದತ್ತು ಮಗುವಿಗೂ ಒಂದೇ.

ಹದಿನಾರರ ಆಸುಪಾಸಿನ ಮಕ್ಕಳು

ಹರೆಯದ ಮಕ್ಕಳ ವಿಷಯದಲ್ಲಿ ಹೋಲಿಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ದತ್ತು ನೆರವು ಸಾಮಾನ್ಯವಾಗಿ 18 ವರ್ಷಕ್ಕೆ ನಿಲ್ಲುತ್ತದೆ. ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯವಿದ್ದರೆ 21ರವರೆಗೆ ಮುಂದುವರಿಸಬಹುದು. ಆದರೆ ಮಗುವಿಗೆ 16 ತುಂಬಿದ ಮೇಲೆ ಒಪ್ಪಂದವಾಗಿದ್ದು, ರಾಜ್ಯವು 2008ರ ಕಾಯಿದೆ ಕೊಟ್ಟ ವಿಸ್ತರಣೆಯನ್ನು ಅಳವಡಿಸಿಕೊಂಡಿದ್ದರೆ, ಓದು ಅಥವಾ ಉದ್ಯೋಗದಂಥ ಷರತ್ತುಗಳೊಂದಿಗೆ ಅಂಗವೈಕಲ್ಯವಿಲ್ಲದ ಮಗುವಿಗೂ 21ರವರೆಗೆ ನೆರವು ಸಿಗುತ್ತದೆ. 16 ತುಂಬಿದ ನಂತರ ದತ್ತು ಅಥವಾ ಬಂಧುಗಳ ಪಾಲಕತ್ವಕ್ಕೆ ಹೋದವರಿಗೆ ಕಾಲೇಜು ಓದಿಗೆ ವರ್ಷಕ್ಕೆ 5,000 ಡಾಲರ್‌ವರೆಗಿನ ಶಿಕ್ಷಣ ವೋಚರೂ ಉಂಟು. 13 ತುಂಬಿದ ಮೇಲೆ ಯಾವಾಗಲಾದರೂ ಫಾಸ್ಟರ್ ಕೇರಿನಲ್ಲಿದ್ದ ಮಗುವನ್ನು ಕಾಲೇಜಿನ ಒಕ್ಕೂಟ ಸಹಾಯದ ಅರ್ಜಿಯಲ್ಲಿ ಸ್ವತಂತ್ರ ವಿದ್ಯಾರ್ಥಿಯೆಂದು ಪರಿಗಣಿಸುವುದರಿಂದ ದತ್ತು ತಂದೆತಾಯಿಯರ ಸಂಬಳ ಅಲ್ಲಿ ಅಡ್ಡ ಬರುವುದಿಲ್ಲ.

ಹದಿನೈದೂವರೆ ವರ್ಷದ ಮಗುವನ್ನು ದತ್ತು ಪಡೆಯಲಿರುವ ಕುಟುಂಬಕ್ಕೆ ಆರು ತಿಂಗಳು ಕಾಯುವಂತೆ ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಲೆಕ್ಕದ ಪ್ರಕಾರ ಆ ಸಲಹೆ ತಪ್ಪಲ್ಲ: ರಾಜ್ಯದಲ್ಲಿ ವಿಸ್ತರಣೆ ಜಾರಿಯಲ್ಲಿದ್ದರೆ ಮೂರು ವರ್ಷದ ಮಾಸಿಕ ನೆರವು, ಜೊತೆಗೆ ವೋಚರು. ಆದರೆ ಆ ವಯಸ್ಸಿನ ಮಗುವಿನ ಒಪ್ಪಿಗೆಯಿಲ್ಲದೆ ಬಹುತೇಕ ರಾಜ್ಯಗಳಲ್ಲಿ ದತ್ತು ನಡೆಯುವುದೇ ಇಲ್ಲ, ಹಾಗಾಗಿ ಕಾಯುವ ವಿಚಾರವೂ ಆ ಮಗುವಿನೊಂದಿಗೆ ಕುಳಿತು, ಲೆಕ್ಕವನ್ನು ಅದರ ಮುಂದೆಯೇ ಬಿಚ್ಚಿಟ್ಟು ಆಡಬೇಕಾದ ಮಾತು. ಮನೆಯಿಂದ ಮನೆಗೆ ತಿರುಗಿದ ಮಗುವಿಗೆ, ಕಾರಣ ತಿಳಿಸದೆ ಮುಂದೂಡಿದ ದಿನಾಂಕ ಇನ್ನೊಂದು ನಿರಾಕರಣೆಯಂತೆ ಕಾಣುವ ಸಂಭವವೇ ಹೆಚ್ಚು. ಕಾರಣ ತಿಳಿದು ತಾನೇ ಒಪ್ಪಿದರೆ ಕಾಯಬಹುದು. ಒಪ್ಪದಿದ್ದರೆ ಲಭ್ಯವಿರುವ ಮುಂಚಿನ ದಿನಾಂಕವನ್ನೇ ಕೇಳಿ ಪಡೆಯಬೇಕು.